ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಶುಕ್ರವಾರ ಸಂಜೆ ನಾಲ್ಕೂವರೆಗೆ ಕರೆಯುತ್ತಾರೆ. ಸೋಮವಾರ ಬೆಳಿಗ್ಗೆ ಕರೆಯುವುದಿಲ್ಲ, ಗಮನಿಸಿ. ಸೋಮವಾರವಾದರೆ ನೀವು ಯಾರನ್ನಾದರೂ ವಿಚಾರಿಸಬಹುದು, ಪರಿಚಯದ ಲಾಯರ್ ಸಿಗಬಹುದು, ಕಾರ್ಮಿಕ ಇಲಾಖೆಯ ಬಾಗಿಲು ತೆರೆದಿರುತ್ತದೆ. ಶುಕ್ರವಾರ ಸಂಜೆ ಇದ್ಯಾವುದೂ ಇಲ್ಲ. ಇರುವುದು ಒಂದು ಗಾಜಿನ ಕೋಣೆ, ಇಬ್ಬರು ಎಚ್.ಆರ್. ಮಂದಿ, ಕುಡಿಯಲು ನೀರಿನ ಬಾಟಲಿ, ಟೈಪಾಗಿ ತಯಾರಿರುವ ಒಂದು ಹಾಳೆ. ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಚೊಕ್ಕ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ನಿಮ್ಮ ವೈಯಕ್ತಿಕ ಕಾರಣ ನಿಮಗಿಂತ ಮೊದಲು ಅವರಿಗೆ ಗೊತ್ತಾಗಿರುತ್ತದೆ!

"ಸಹಿ ಹಾಕಿದರೆ ಅನುಭವ ಪತ್ರ ಕೊಡುತ್ತೇವೆ. ಇಲ್ಲವಾದರೆ ವಜಾ ಮಾಡಬೇಕಾಗುತ್ತದೆ. ಆಮೇಲೆ ನಿಮಗೆ ಎಲ್ಲೂ ಕೆಲಸ ಸಿಗುವುದಿಲ್ಲ." ಈ ಮಾತನ್ನು ಗದರಿಸಿ ಹೇಳುವುದಿಲ್ಲ. ಬಹಳ ಮೆತ್ತಗೆ, ನಿಮ್ಮ ಹಿತಚಿಂತಕರ ಹಾಗೆ ಹೇಳುತ್ತಾರೆ.

ಗೆಳೆಯರೇ, ಆ ಹಾಳೆಗೆ ಸಹಿ ಹಾಕಬೇಡಿ.

ಯಾಕೆ ಅಂತೀರಾ? ನಿಮ್ಮನ್ನು ತೆಗೆಯುವುದು ಕಂಪನಿಗೆ ಅಷ್ಟು ಸುಲಭವಾಗಿದ್ದರೆ ನಿಮ್ಮ ಸಹಿ ಅವರಿಗೆ ಯಾಕೆ ಬೇಕಿತ್ತು? ಅಲ್ಲೇ ಇದೆ ಗುಟ್ಟು. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ ಒಂದಿದೆ, 1961ರದ್ದು. ಹೆಸರು ಕೇಳಿ ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಕಾನೂನು ಎಂದುಕೊಳ್ಳಬೇಡಿ. ಹೊಸೂರು ರಸ್ತೆಯ ಸಾಫ್ಟ್‌ವೇರ್ ಕಂಪನಿಯೂ ಅದರ ಪ್ರಕಾರ ಒಂದು ವಾಣಿಜ್ಯ ಸಂಸ್ಥೆಯೇ. ಅದರ 39ನೇ ಕಲಂ ಹೇಳುವುದು ಇಷ್ಟು: ಆರು ತಿಂಗಳು ಸತತವಾಗಿ ದುಡಿದ ನೌಕರನನ್ನು ತಕ್ಕ ಕಾರಣವಿಲ್ಲದೆ ತೆಗೆಯುವ ಹಾಗಿಲ್ಲ. ಕಾರಣ ಇದ್ದರೂ ಒಂದು ತಿಂಗಳ ನೋಟೀಸ್ ಅಥವಾ ಅದರ ಬದಲಿಗೆ ಸಂಬಳ ಕೊಡಬೇಕು. ದುರ್ನಡತೆಗಾಗಿ ನೋಟೀಸಿಲ್ಲದೆ ತೆಗೆಯುವುದಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಬೇಕು. ವರ್ಷಕ್ಕಿಂತ ಹೆಚ್ಚು ದುಡಿದ ಕಾರ್ಮಿಕನನ್ನು ಕೆಲಸ ಕಡಿಮೆಯಾಯಿತೆಂದು ಕಳಿಸುವುದಾದರೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡಬೇಕು.

ರಾಜೀನಾಮೆ ಕೊಟ್ಟವನಿಗೆ? ಕಾರಣ ಬೇಡ, ವಿಚಾರಣೆ ಬೇಡ, ಪರಿಹಾರ ಬೇಡ. ಒಂದು ಸಹಿಯಲ್ಲಿ ಇಷ್ಟೂ ಮಾಫಿ. ಕಂಪನಿಯ ಖರ್ಚು ಒಂದು ಬಾಟಲಿ ನೀರು.

ಹೆದರಿ ಈಗಾಗಲೇ ಸಹಿ ಹಾಕಿಬಿಟ್ಟಿದ್ದೀರಾ? ಹಾಗಾದರೆ ಅದೇ ರಾತ್ರಿ, ಮಲಗುವ ಮೊದಲು, ನಿಮ್ಮ ಸ್ವಂತ ಇ-ಮೇಲ್‌ನಿಂದ ಕಂಪನಿಗೆ ಬರೆಯಿರಿ. ಇಂಥ ಹೊತ್ತಿಗೆ, ಇಂಥ ಕೋಣೆಗೆ ಕರೆದು, ಇಂಥವರು ಇಂತಿಂಥ ಮಾತು ಹೇಳಿ ಬಲವಂತದಿಂದ ಸಹಿ ಪಡೆದರು, ಇದು ನನ್ನ ಸ್ವಇಚ್ಛೆಯ ರಾಜೀನಾಮೆಯಲ್ಲ, ಇದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು. ಒತ್ತಾಯದಿಂದ ಪಡೆದ ರಾಜೀನಾಮೆ ರಾಜೀನಾಮೆಯೇ ಅಲ್ಲ, ಅದು ವಜಾ ಮಾಡಿದ ಹಾಗೆ ಎಂಬುದು ನ್ಯಾಯಾಲಯಗಳು ಒಪ್ಪಿರುವ ಮಾತು. ಆದರೆ ಒತ್ತಾಯ ನಡೆಯಿತೆಂದು ತೋರಿಸುವ ಹೊರೆ ನಿಮ್ಮ ತಲೆಯ ಮೇಲಿದೆ. ಅದೇ ರಾತ್ರಿ ಬರೆದ ನಾಲ್ಕು ಸಾಲಿಗೂ ಎಂಟು ತಿಂಗಳ ನಂತರ ಲಾಯರ್ ಬರೆದುಕೊಟ್ಟ ನಲವತ್ತು ಪುಟಕ್ಕೂ ಇರುವ ವ್ಯತ್ಯಾಸ ಯಾವ ನ್ಯಾಯಾಧೀಶರಿಗೂ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಕಾರ್ಮಿಕ ಕಾನೂನು ಈಚೆಗೆ ಬದಲಾಗಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ವಜಾ ಆದವನು ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಾದು, ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಹಳೆಯ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದ ಗಡುವಿತ್ತು. ಹೊಸದರಲ್ಲಿ ಎರಡೇ ವರ್ಷ. ನಿಮ್ಮ ಮಾವನ ಕಾಲದ ಲೆಕ್ಕ ಹಿಡಿದುಕೊಂಡು ಕೂರಬೇಡಿ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರಷ್ಟೇ ಕಾರ್ಮಿಕರ ಕಡೆಯವರೂ ಇರಬೇಕು ಎಂದೂ ಇದೇ ಸಂಹಿತೆ ಹೇಳುತ್ತದೆ. ಕೆಲಸ ಹೋದ ಮೇಲೆ ಬಾಕಿ ಸಂಬಳಕ್ಕಾಗಿ ತಿಂಗಳುಗಟ್ಟಲೆ ಅಲೆಸುತ್ತಾರಲ್ಲ, ಅದಕ್ಕೂ ಉತ್ತರವಿದೆ. ವಜಾ ಆಗಲಿ, ರಾಜೀನಾಮೆ ಆಗಲಿ, ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ ಕೊಡಬೇಕು ಎನ್ನುತ್ತದೆ 2019ರ ವೇತನ ಸಂಹಿತೆ. ಅದೂ ಅದೇ ದಿನ ಜಾರಿಗೆ ಬಂದಿದೆ.

"ಇದೆಲ್ಲ ಕಾರ್ಮಿಕರಿಗೆ ಸ್ವಾಮಿ, ನಾನು ಅಸಿಸ್ಟೆಂಟ್ ಮ್ಯಾನೇಜರ್" ಎನ್ನುವವರಿದ್ದೀರಿ. ಈ ಬಿರುದುಗಳ ಮರ್ಮ ತಿಳಿಯಿರಿ. ಸಂಬಳ ಏರಿಸದೆ ಹೆಸರು ಏರಿಸುವುದು ಹಳೆಯ ಆಟ. ನಿಮ್ಮ ಕಾರ್ಡಿನ ಮೇಲೆ ಏನು ಅಚ್ಚಾಗಿದೆ ಎನ್ನುವುದಕ್ಕಿಂತ ನೀವು ದಿನವಿಡೀ ಮಾಡುವ ಕೆಲಸ ಏನು ಎಂಬುದನ್ನು ಕೋರ್ಟು ನೋಡುತ್ತದೆ. ನಿಜವಾದ ಆಡಳಿತ ಹುದ್ದೆಯವರು ಈ ಸಂಹಿತೆಯ ಹೊರಗಿದ್ದಾರೆ. ಮೇಲ್ವಿಚಾರಣೆ ಮಾಡುತ್ತ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರೂ ಹೊರಗಿದ್ದಾರೆ. ಆದರೆ ಕೆಳಗೆ ಒಬ್ಬನೂ ಇಲ್ಲದೆ ತಾನೇ ಕಂಪ್ಯೂಟರ್ ಕುಟ್ಟುವ ಮ್ಯಾನೇಜರ್ ಯಾರ ಮ್ಯಾನೇಜರ್?

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಹುಡುಗರೂ ಓದಿ.

ಹೋದ ವರ್ಷ ಒಬ್ಬಳು ಹುಡುಗಿ ನಮ್ಮ ಪತ್ರಿಕೆಯ ಕಚೇರಿಗೆ ಬಂದಿದ್ದಳು. ತುಮಕೂರಿನ ಕಡೆಯವಳು, ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡು ವರ್ಷದಿಂದ ಕೆಲಸ. ಮೇಲಧಿಕಾರಿ ರಾತ್ರಿ ಹನ್ನೊಂದಕ್ಕೆ ಮೆಸೇಜು ಕಳಿಸುತ್ತಿದ್ದ. ಮೊದಲು ಕೆಲಸದ ಮಾತು, ಆಮೇಲೆ ಹೊಗಳಿಕೆ, ಆಮೇಲೆ ಹೇಳಬಾರದ್ದು. ಇವಳು ಸೊಪ್ಪು ಹಾಕದಿದ್ದಾಗ ಅವಳ ಕೆಲಸದಲ್ಲಿ ಹುಳುಕು ಹುಡುಕಲು ಶುರುಮಾಡಿದ. ಎಲ್ಲವೂ ಅವಳ ಫೋನಿನಲ್ಲಿ ಇತ್ತು. ತಾರೀಖು, ಹೊತ್ತು, ಮಾತು, ಎಲ್ಲ. ಎಚ್.ಆರ್. ಹೆಂಗಸಿನ ಹತ್ತಿರ ಬಾಯಲ್ಲಿ ಹೇಳಿಕೊಂಡಿದ್ದಾಳೆ. ಆಕೆ ಹೆಗಲ ಮೇಲೆ ಕೈ ಹಾಕಿ, "ನಾನು ಮಾತಾಡ್ತೀನಿ ಬಿಡಮ್ಮ, ಬರೆದುಕೊಟ್ಟು ದೊಡ್ಡದು ಮಾಡ್ಕೋಬೇಡ" ಅಂದಿದ್ದಾಳೆ. ಮಾತಾಡುತ್ತೇನೆ ಅಂದವಳು ಮಾತಾಡುತ್ತಲೇ ಇದ್ದಳು. ಹುಡುಗಿ ನಮ್ಮ ಹತ್ತಿರ ಬಂದಾಗ ಕೊನೆಯ ಮೆಸೇಜು ಬಂದು ಏಳನೆಯ ತಿಂಗಳು.

ಕಾನೂನಿನಲ್ಲಿ ಗಡುವು ಮೂರು ತಿಂಗಳು. ಸಮಿತಿಗೆ ಕಾರಣ ಒಪ್ಪಿಗೆಯಾದರೆ, ಅದನ್ನು ಬರೆದು ದಾಖಲಿಸಿ ಇನ್ನೂ ಮೂರು ತಿಂಗಳು. ಅಲ್ಲಿಗೆ ಮುಗಿಯಿತು. ಅವಳಿಗೆ ಪೊಲೀಸ್ ಠಾಣೆಯ ದಾರಿ ಉಳಿದಿತ್ತು. 2023ರ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳವನ್ನು ಅಪರಾಧ ಎನ್ನುತ್ತದೆ. ಆದರೆ ಆ ದಾರಿ ಹಿಡಿಯಲು ಮನೆಯವರು ಬಿಡಲಿಲ್ಲ. ನಾವು ಏನೂ ಮಾಡಲಾಗಲಿಲ್ಲ. ಅವಳಿಗೆ ಕಾಫಿ ಕೊಟ್ಟು ಕಳಿಸಿದೆವು. ಇವತ್ತು ಈ ಸಂಪಾದಕೀಯ ಬರೆಯುತ್ತಿರುವುದಕ್ಕೆ ಅವಳೇ ಕಾರಣ.

ಓದು ಬರಹ ಇಲ್ಲದವರಿಗೆ ಮಾತ್ರ ಹೀಗಾಗುತ್ತದೆ ಎಂದು ತಿಳಿಯಬೇಡಿ. ಕೋಲ್ಕತ್ತಾದ ಒಂದು ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿ ಕುಲಪತಿಯ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟರು. ಕೊನೆಯ ಘಟನೆ 2023ರ ಏಪ್ರಿಲ್‌ನದು, ದೂರು ಕೊಟ್ಟಿದ್ದು ಡಿಸೆಂಬರ್‌ನಲ್ಲಿ. ಅವಧಿ ಮೀರಿದೆ ಎಂದು ದೂರು ಬಿದ್ದುಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿಯಿತು. ಜೊತೆಗೊಂದು ವಿಚಿತ್ರ ಆದೇಶ: ಈ ತೀರ್ಪನ್ನು ಕುಲಪತಿ ತಮ್ಮ ಬಯೋಡೇಟಾದಲ್ಲಿ ಸೇರಿಸಿಕೊಳ್ಳಬೇಕು! ದೂರು ನಿಲ್ಲಲಿಲ್ಲ, ಕಲೆ ನಿಂತಿತು. ಕಾನೂನು ಕಲಿಸುವ ಜಾಗದಲ್ಲೇ ಕ್ಯಾಲೆಂಡರು ಗೆದ್ದಿತು ಎಂದರೆ ನೀವು ನಾವು ಎಷ್ಟರವರು?

ಈ ಕಾನೂನು ಆಕಾಶದಿಂದ ಉದುರಿದ್ದಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ 'ಸಾಥಿನ್' ಆಗಿ ದುಡಿಯುತ್ತಿದ್ದ ಹೆಂಗಸು. ಕುಂಬಾರರ ಮನೆಯವಳು. ಮೇಲಿನವರ ಮನೆಯ ಬಾಲ್ಯವಿವಾಹ ತಡೆಯಲು ಹೋದಳು. ಅದು ಅವಳ ಕೆಲಸವೇ ಆಗಿತ್ತು. ಅದಕ್ಕೆ ಪ್ರತೀಕಾರವಾಗಿ 1992ರಲ್ಲಿ ಅವಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಖುಲಾಸೆ ಮಾಡಿತು. ಕೆಲಸ ಮಾಡಿದ್ದಕ್ಕೆ ಒಬ್ಬ ಹೆಂಗಸಿಗೆ ಹೀಗಾದರೆ ಅದಕ್ಕೆ ಹೊಣೆ ಯಾರು ಎಂದು ಕೇಳಿಕೊಂಡು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಬಂದದ್ದೇ ವಿಶಾಖಾ ತೀರ್ಪು. ಆ ಮಾರ್ಗಸೂಚಿಯನ್ನು ಕಾಯ್ದೆ ಮಾಡಲು ನಮ್ಮ ಸಂಸತ್ತಿಗೆ ಇನ್ನೂ 16 ವರ್ಷ ಬೇಕಾಯಿತು. ಏರ್ ಕಂಡೀಷನ್ ಆಫೀಸಿನಲ್ಲಿ ಕೂತ ನಮ್ಮ ಹುಡುಗಿಯರು ಇವತ್ತು ಯಾವ ಸಮಿತಿಯ ಮುಂದೆ ದೂರು ಕೊಡುತ್ತಾರೋ, ಆ ಸಮಿತಿಯ ಬೇರು ಆ ಹಳ್ಳಿಯ ಹೆಂಗಸಿನ ಕಣ್ಣೀರಿನಲ್ಲಿದೆ. ಅವಳಿಗೆ ಸಿಗದ ನ್ಯಾಯದ ಬಡ್ಡಿಯನ್ನು ನಾವು ಉಣ್ಣುತ್ತಿದ್ದೇವೆ.

2013ರ ಕಾಯ್ದೆ ಏನು ಹೇಳುತ್ತದೆ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ. ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳಾ ಸದಸ್ಯರು. ಕಂಪನಿಯ ಸಂಬಳ ತಿನ್ನದ ಹೊರಗಿನವರೊಬ್ಬರು. ಕಾಯಂ ನೌಕರರು ಮಾತ್ರವಲ್ಲ, ಗುತ್ತಿಗೆಯವರು, ಟ್ರೈನಿಗಳು, ಮನೆಗೆಲಸದವರು ಕೂಡ ದೂರು ಕೊಡಬಹುದು. ಹತ್ತು ಜನ ಇಲ್ಲದ ಕಡೆಯವರಿಗೆ, ಮಾಲೀಕನೇ ಆರೋಪಿಯಾದ ಕಡೆಯವರಿಗೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಅಷ್ಟರವರೆಗೆ ಅದೇ ಮನುಷ್ಯನ ಮುಖ ನೋಡಿಕೊಂಡು ಕೂರಬೇಕಾಗಿಲ್ಲ. ಅವನನ್ನು ಅಥವಾ ನಿಮ್ಮನ್ನು ಬೇರೆಡೆಗೆ ವರ್ಗ ಮಾಡಿ ಎಂದೋ, ಮೂರು ತಿಂಗಳವರೆಗೆ ರಜೆ ಕೊಡಿ ಎಂದೋ ಕೇಳುವ ಹಕ್ಕಿದೆ. ದುಡ್ಡು ಕೊಟ್ಟು ರಾಜಿ ಮಾಡಿಸುವುದು ನಿಷಿದ್ಧ. "ಸುಳ್ಳು ದೂರು ಕೊಟ್ಟರೆ ನಿನ್ನ ಮೇಲೇ ಕ್ರಮ" ಎಂದು ಹೆದರಿಸುತ್ತಾರೆ. ಕೇವಲ ಸಾಬೀತು ಮಾಡಲಾಗಲಿಲ್ಲ ಎಂಬ ಕಾರಣಕ್ಕೆ ಕ್ರಮ ಕೈಗೊಳ್ಳುವಂತಿಲ್ಲ ಎಂದು ಕಾಯ್ದೆಯೇ ಹೇಳಿದೆ. ಅದನ್ನು ಅವರು ಓದಿ ಹೇಳುವುದಿಲ್ಲ.

ಸಮಿತಿ ಮಾಡದ ಮಾಲೀಕನಿಗೆ ದಂಡ 50,000 ರೂಪಾಯಿವರೆಗೆ. ನಗು ಬರುತ್ತದೆ. ಕೆಲವು ಕಂಪನಿಗಳ ದೀಪಾವಳಿ ಮಿಠಾಯಿಯ ಖರ್ಚು ಇದಕ್ಕಿಂತ ಹೆಚ್ಚು. ಎರಡನೇ ಸಲ ಸಿಕ್ಕಿಬಿದ್ದರೆ ದುಪ್ಪಟ್ಟು ದಂಡ, ಲೈಸೆನ್ಸ್‌ಗೂ ಕುತ್ತು. ಆದರೆ ಎರಡನೇ ಸಲಕ್ಕೆ ಮೊದಲನೇ ಸಲ ಯಾರಾದರೂ ಹಿಡಿಯಬೇಕಲ್ಲ! ದೇಶದ 30 ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಲ್ಲಿ 16ರಲ್ಲಿ ಇಂಥ ಸಮಿತಿಯೇ ಇಲ್ಲ ಎಂಬ ವರದಿಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಉಲ್ಲೇಖಿಸಿ ಬೇಸರಪಟ್ಟುಕೊಂಡಿತು.

ಇಲ್ಲಿ ನಮ್ಮ ಗಾರ್ಮೆಂಟ್ಸ್ ಅಕ್ಕಂದಿರನ್ನು ನೆನೆಯಬೇಕು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮ ಬಿಗಿ ಮಾಡಿದಾಗ ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. ಅವರ ಮುಂದೆ ಮೈಕು ಹಿಡಿದ ನಾಯಕನಿರಲಿಲ್ಲ. ಎರಡೇ ದಿನದಲ್ಲಿ ದೆಹಲಿ ಆ ನಿಯಮವನ್ನು ಹಿಂತೆಗೆಯಿತು. ದಿನವಿಡೀ ಸೂಪರ್‌ವೈಸರನ ಬೈಗುಳ ತಿನ್ನುವ ಹೆಂಗಸರಿಗೆ ಇದ್ದ ಒಗ್ಗಟ್ಟು ಎಂಜಿನಿಯರಿಂಗ್ ಓದಿದ ನಮಗೆ ಯಾಕಿಲ್ಲ? ಪಕ್ಕದ ಸೀಟಿನವನನ್ನು ಶುಕ್ರವಾರ ಕೋಣೆಗೆ ಕರೆದಾಗ ನಾವು ಹೆಡ್‌ಫೋನ್ ಹಾಕಿಕೊಳ್ಳುತ್ತೇವೆ. ಐ.ಟಿ. ನೌಕರರಿಗೂ ಸಂಘ ಕಟ್ಟುವ ಹಕ್ಕು ಸಂವಿಧಾನವೇ ಕೊಟ್ಟದ್ದು. ಕರ್ನಾಟಕದಲ್ಲಿ ಐ.ಟಿ. ನೌಕರರ ಸಂಘವೊಂದು 2017ರಲ್ಲೇ ನೋಂದಣಿಯಾಗಿದೆ.

ಜಾತಿಯ ಮಾತು. ಕ್ಯಾಂಟೀನಿನಲ್ಲಿ "ನೀವು ಯಾವ ಕಡೆ ಜನ?" ಎಂದು ನಯವಾಗಿ ಕೇಳುವವರು, ಮೀಟಿಂಗಿನಲ್ಲಿ "ಕೋಟಾ" ಎಂದು ನಗುವವರು ಎಲ್ಲ ಕಡೆ ಇದ್ದಾರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣೆದುರಿಗೆ ಜಾತಿ ಹೆಸರಿನಲ್ಲಿ ನಿಂದಿಸುವುದು, ಬೇಕೆಂದೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಆದರೆ ನಾಲ್ಕು ಗೋಡೆಗಳ ಒಳಗೆ, ಬೇರೆ ಯಾರೂ ಇಲ್ಲದಾಗ ಆಡಿದ ಮಾತಿಗೆ ಈ ಕಲಂ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಅಲ್ಲಿ ಯಾರು ಯಾರಿದ್ದರು ಎಂದು ಅವತ್ತೇ ಬರೆದಿಡಿ. ಸಾಕ್ಷಿ ಹೇಳಬೇಕಾದವರು ನಾವು ನೀವೇ. ಆ ಹೊತ್ತಿನಲ್ಲಿ ಕಣ್ಣು ತಗ್ಗಿಸುವವನು ಕನ್ನಡದ ಬಾವುಟ ಹಿಡಿದರೆಷ್ಟು, ಬಿಟ್ಟರೆಷ್ಟು?

ಈಗ ನಮ್ಮ ಓದುಗರು ಕಾಯುತ್ತಿರುವ ಪ್ರಶ್ನೆ. ಕನ್ನಡ ಮಾತಾಡಿದ್ದಕ್ಕೆ ಗೇಲಿ ಮಾಡಿದರೆ, ಕನ್ನಡಿಗನೆಂದು ಬಡ್ತಿ ತಪ್ಪಿಸಿದರೆ ಯಾವ ಕಾನೂನು? ನಿಮ್ಮನ್ನು ಖುಷಿಪಡಿಸಲು ಸುಳ್ಳು ಹೇಳುವುದಿಲ್ಲ. ಖಾಸಗಿ ಕಂಪನಿಯಲ್ಲಿ ಭಾಷೆಯ ಹೆಸರಿನ ತಾರತಮ್ಯವನ್ನು ನೇರವಾಗಿ ತಡೆಯುವ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 16ನೇ ವಿಧಿ ಇರುವುದು ಸರ್ಕಾರಿ ನೌಕರಿಗೆ. ಅಲ್ಲಿಯೂ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಎಂದೆಲ್ಲ ಇದೆ, ಭಾಷೆ ಎಂಬ ಪದವಿಲ್ಲ. ಸ್ಥಳೀಯರಿಗೆ ಖಾಸಗಿ ಕೆಲಸ ಕಾಯ್ದಿಡುವ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ಎರಡು ದಿನದಲ್ಲಿ ತಡೆಹಿಡಿದದ್ದನ್ನು ನೀವೇ ನೋಡಿದ್ದೀರಿ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಒಂದೇ. ಮೌಲ್ಯಮಾಪನದಲ್ಲಿ "ಸಂವಹನ ಸಾಲದು" ಎಂದು ಗೀಚಿದರೆ ಯಾವ ಕೆಲಸದಲ್ಲಿ, ಯಾವ ದಿನ, ಏನು ಕೊರತೆಯಾಯಿತು ಎಂದು ಲಿಖಿತವಾಗಿ ಕೇಳಿ. ಉತ್ತರ ಬಂದರೂ ದಾಖಲೆ, ಬಾರದಿದ್ದರೂ ದಾಖಲೆ. ಒಂದು ಮಾತು ಗಂಟುಹಾಕಿಕೊಳ್ಳಿ: ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಬಿಹಾರದ ಸೆಕ್ಯೂರಿಟಿ ಹುಡುಗ ನಿಮ್ಮ ಶತ್ರುವಲ್ಲ. ಅವನಿಗೂ ಶುಕ್ರವಾರದ ಕೋಣೆ ಇದೆ, ಅವನಿಗೆ ನೀರಿನ ಬಾಟಲಿಯನ್ನೂ ಇಡುವುದಿಲ್ಲ.

ಭಾಷೆಯ ವಿಷಯದಲ್ಲಿ ಇನ್ನೊಂದು ಕಡೆ ಮಾತ್ರ ನೀವು ಗೆದ್ದಿದ್ದೀರಿ, ಅದು ನಿಮಗೇ ಗೊತ್ತಿಲ್ಲ. ಇಂಗ್ಲಿಷ್ ಸರಿಯಾಗಿ ಬಾರದೆಂದು ದೂರು ಬರೆಯದೆ ಕೂತವರು ಎಷ್ಟು ಜನ! 2013ರ ಕಾಯ್ದೆ ದೂರು ಲಿಖಿತವಾಗಿರಬೇಕು ಎನ್ನುತ್ತದೆ, ಇಂಗ್ಲಿಷಿನಲ್ಲಿರಬೇಕು ಎನ್ನುವುದಿಲ್ಲ. ಬರೆಯಲು ಆಗದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ಕಾರ್ಮಿಕ ಇಲಾಖೆ ಕರ್ನಾಟಕ ಸರ್ಕಾರದ್ದು, 1963ರ ಕಾಯ್ದೆಯ ಪ್ರಕಾರ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಕನ್ನಡದಲ್ಲೇ ಅರ್ಜಿ ಬರೆದುಕೊಂಡು ಹೋಗಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ.

ಕಂಪನಿ ಬದುಕುವುದು ಕಾಗದದ ಮೇಲೆ. ನಾವು ಬದುಕುವುದು ಬಾಯಿಮಾತಿನ ಮೇಲೆ. ಅದಕ್ಕೇ ಸೋಲುತ್ತೇವೆ. ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಕೊಳ್ಳಿ. ನಡೆದದ್ದನ್ನು ಅವತ್ತಿನ ದಿನವೇ ಬರೆಯಿರಿ. ಮೆಸೇಜು ಬಂದ ಫೋನನ್ನು ಮಾರಬೇಡಿ, ಅಳಿಸಬೇಡಿ. ಸ್ಕ್ರೀನ್‌ಶಾಟ್ ಸಾಲದು, ಮೂಲ ಬೇಕು. ನೇಮಕಾತಿ ಆದೇಶ, ಸಂಬಳದ ಚೀಟಿ, ಮೌಲ್ಯಮಾಪನದ ಪ್ರತಿ ಮನೆಯಲ್ಲಿರಲಿ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಕಿತ್ತುಕೊಂಡ ಮೇಲೆ ಏನೂ ಸಿಗುವುದಿಲ್ಲ. ಹಾಗಂತ ಕಂಪನಿಯ ಗುಟ್ಟಿನ ಫೈಲುಗಳನ್ನು ಹೊತ್ತು ತರಬೇಡಿ, ಆಮೇಲೆ ನೀವೇ ಆರೋಪಿ. ಲಾಯರಿಗೆ ದುಡ್ಡಿಲ್ಲವೇ? ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಕೇಳದೆ ಉಚಿತ ಕಾನೂನು ನೆರವು ಕೊಡಬೇಕು ಎನ್ನುತ್ತದೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ. ಕರೆ ಮಾಡಬೇಕಾದ ಸಂಖ್ಯೆ 15100. ಮಹಿಳಾ ಸಹಾಯವಾಣಿ 181.

ನಾಳೆ ಬೆಳಿಗ್ಗೆ ಆಫೀಸಿಗೆ ಹೋದಾಗ ಒಂದು ಕೆಲಸ ಮಾಡಿ. ನೋಟೀಸ್ ಬೋರ್ಡ್ ನೋಡಿ. ಆಂತರಿಕ ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು ಎಂದು ಕಾಯ್ದೆಯ 19ನೇ ಕಲಂನಲ್ಲಿದೆ. ಹಾಕಿದ್ದರೆ ಆ ಹೆಸರುಗಳನ್ನು ಬರೆದುಕೊಳ್ಳಿ. ಹಾಕಿರದಿದ್ದರೆ ಎಚ್.ಆರ್.ಗೆ ಎರಡು ಸಾಲಿನ ಇ-ಮೇಲ್ ಹಾಕಿ: ನಮ್ಮ ಸಮಿತಿಯ ಸದಸ್ಯರು ಯಾರು, ಹೊರಗಿನ ಸದಸ್ಯರು ಯಾರು? ಹುಡುಗರೇ ಕೇಳಿ, ಹುಡುಗಿಯರ ಮೇಲೆ ಹಾಕಬೇಡಿ. ಒಬ್ಬರೇ ಕೇಳಬೇಡಿ, ಐದಾರು ಜನ ಒಂದೇ ದಿನ ಕೇಳಿ.